ಟಿವಿ ಕೆಟ್ಟಿರಲಿಲ್ಲ, ಬಾಕ್ಸ್ ಅದನ್ನು ನಂಬುತ್ತಿರಲಿಲ್ಲ

ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಊರಿನಿಂದ ಅಮ್ಮನ ಫೋನ್ ಬಂತು. "ಟಿವಿ ಕಣ್ಣು ಹೊಡೀತಾ ಇದೆ ಕಣೇ" ಅಂದಳು. ಮೊದಲು ನಗು ಬಂತು, ಆಮೇಲೆ ವಿವರ ಕೇಳಿದೆ. ಚಿತ್ರ ಬರುತ್ತೆ, ಎರಡು ಮೂರು ಸೆಕೆಂಡ್ ಇರುತ್ತೆ, ಪರದೆ ಪೂರ್ತಿ ಕಪ್ಪಾಗುತ್ತೆ, ಮತ್ತೆ ಬರುತ್ತೆ. ಕೆಲವು ಸಲ ಬರೋದೇ ಇಲ್ಲ. ‘ನೋ ಸಿಗ್ನಲ್’ ಅನ್ನೋ ಪಟ್ಟಿ ಮಾತ್ರ ಪರದೆ ಮೇಲೆ ಅತ್ತಿಂದಿತ್ತ ಓಡಾಡುತ್ತೆ.

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಜೂನ್ ಶುರುವಾದರೆ ಸಂಜೆ ಆರರ ಮೇಲೆ ಮನೆಯಿಂದ ಆಚೆ ಕಾಲಿಡೋ ಹಾಗಿಲ್ಲ. ಒಬ್ಬಳೇ ಇರುವ ಅಮ್ಮನಿಗೆ ಟಿವಿ ಅಂದರೆ ಮನರಂಜನೆ ಅನ್ನೋದಕ್ಕಿಂತ ಮನೆಯೊಳಗೆ ಇನ್ನೊಂದು ದನಿ. ಹಾಗಾಗಿ ಕೇಬಲ್‌ನವರಿಗೆ ಹೇಳಿದಳು. ಹುಡುಗ ಬಂದ, ಹಿಂದುಗಡೆ ವೈರ್ ಎಳೆದು ಮತ್ತೆ ಸಿಕ್ಕಿಸಿದ, "ಟಿವಿ ಪೋರ್ಟ್ ಹೋಗಿದೆ ಅಮ್ಮಾ, ಸಿಡಿಲಿಗೆ" ಅಂದ. ಟಿವಿ ಕಂಪನಿಯ ಸರ್ವಿಸ್‌ನವರು ಬಂದರು, ವಿಸಿಟಿಂಗ್ ಚಾರ್ಜ್ ಅಂತ 450 ರೂಪಾಯಿ ತಗೊಂಡರು, ಪೆನ್‌ಡ್ರೈವ್ ಹಾಕಿ ಒಂದು ಹಾಡು ಓಡಿಸಿ ತೋರಿಸಿದರು. "ಟಿವಿ ಚೆನ್ನಾಗೇ ಇದೆ, ಬಾಕ್ಸ್ ನೋಡ್ಸಿ." ಮತ್ತೆ ಕೇಬಲ್ ಹುಡುಗ ಬಂದ. ಈ ಸಲ ಬಾಕ್ಸ್ ಬಿಚ್ಚಿಕೊಂಡು ಪಕ್ಕದ ಮನೆಗೆ ಹೋಗಿ ಅವರ ಟಿವಿಗೆ ಹಾಕಿದ. ಚೆನ್ನಾಗಿ ಬಂತು. "ನೋಡಿ, ನಮ್ಮ ಬಾಕ್ಸ್ ಸರಿ ಇದೆ."

ಮೂರು ವಾರ ಹೀಗೇ ನಡೆಯಿತು. ಕೊನೆಗೆ ಅಮ್ಮ ನನಗೂ ಹೇಳದೆ ಶಿವಮೊಗ್ಗಕ್ಕೆ ಹೋಗಿ 13,500 ರೂಪಾಯಿ ಕೊಟ್ಟು ಹೊಸ 32 ಇಂಚಿನ ಟಿವಿ ತಂದಳು. ಹಳೆಯದನ್ನು ಎಕ್ಸ್‌ಚೇಂಜ್‌ನಲ್ಲಿ ಸಾವಿರ ರೂಪಾಯಿಗೆ ಹಿಡಿದರು. ಮನೆಗೆ ಬಂದು ಬಾಕ್ಸ್ ಸಿಕ್ಕಿಸಿದರೆ ಹೊಸ ಟಿವಿಯೂ ಕಣ್ಣು ಹೊಡೆಯಿತು.

ಬಂದ ಇಬ್ಬರೂ ಸುಳ್ಳು ಹೇಳಿರಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಪೆನ್‌ಡ್ರೈವ್‌ನ ಹಾಡು ಟಿವಿಯ ಒಳಗೇ ಹುಟ್ಟಿ ಒಳಗೇ ಕಾಣುತ್ತದೆ, ಅದು ಎಚ್‌ಡಿಎಂಐ ವೈರ್ ದಾಟೋದೇ ಇಲ್ಲ. ಪಕ್ಕದ ಮನೆಯಲ್ಲಿ ಇದ್ದದ್ದು ಹಳೇ ದಪ್ಪ ಟಿವಿ. ಅದಕ್ಕೆ ಬಾಕ್ಸ್ ಜೋಡಿಸಿದ್ದು ಕೆಂಪು, ಬಿಳಿ, ಹಳದಿ ಪಿನ್ನಿನ ಎವಿ ವೈರ್‌ನಲ್ಲಿ. ಅಂದರೆ ಒಬ್ಬರು ಟಿವಿ ಪರೀಕ್ಷೆ ಮಾಡಿದರು, ಇನ್ನೊಬ್ಬರು ಬಾಕ್ಸ್ ಪರೀಕ್ಷೆ ಮಾಡಿದರು. ಇವೆರಡರ ನಡುವೆ ಎಚ್‌ಡಿಎಂಐ ವೈರ್‌ನಲ್ಲಿ ಏನು ನಡೀತಿದೆ ಅಂತ ಯಾರೂ ನೋಡಲಿಲ್ಲ. ನೋಡೋ ಸಲಕರಣೆಯೂ ಅವರ ಹತ್ತಿರ ಇರಲಿಲ್ಲ.

ಆ ವೈರ್‌ನಲ್ಲಿ ಒಂದು ಬೀಗ ಇದೆ. ಅದು ನಮ್ಮ ಮನೆಗೆ ಬಂದದ್ದು ನಮ್ಮನ್ನು ಕೇಳಿ ಅಲ್ಲ. ಕೈಕೊಟ್ಟಾಗ ಅದರ ಹೆಸರನ್ನೂ ಯಾರೂ ಹೇಳುವುದಿಲ್ಲ. ಈ ಲೇಖನ ಅದರ ಬಗ್ಗೆ.

ವೈರ್ ಒಳಗಿನ ಮಾತುಕತೆ

ಎಚ್‌ಡಿಎಂಐ ಪಿನ್ ಅನ್ನು ಹತ್ತಿರದಿಂದ ನೋಡಿ. ಅದರಲ್ಲಿ 19 ಸಣ್ಣ ಸಂಪರ್ಕಗಳಿವೆ. ಚಿತ್ರ ಮತ್ತು ಧ್ವನಿ ಸಾಗೋದು ಅವುಗಳಲ್ಲಿ ಕೆಲವದರಲ್ಲಿ ಮಾತ್ರ. ಉಳಿದವುಗಳಲ್ಲಿ ಕೆಲವು ಬಾಕ್ಸ್ ಮತ್ತು ಟಿವಿ ಮಾತಾಡಿಕೊಳ್ಳಲು ಇರೋದು. ಹಳೇ ಎವಿ ವೈರ್‌ಗೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಇದೇ. ಹಳದಿ ಪಿನ್ ಅಂದರೆ ಪೈಪ್ ಇದ್ದ ಹಾಗೆ: ಈ ಕಡೆಯಿಂದ ನೀರು ಬಿಟ್ಟರೆ ಆ ಕಡೆ ಬರುತ್ತೆ, ಆ ಕಡೆ ಯಾರಿದ್ದಾರೆ ಅಂತ ಪೈಪ್ ಕೇಳಲ್ಲ. ಎಚ್‌ಡಿಎಂಐ ಕೇಳುತ್ತೆ.

ಮೊದಲನೆಯದು ಹಾಜರಿ. 18ನೇ ಪಿನ್ನಿನಲ್ಲಿ ಬಾಕ್ಸ್ 5 ವೋಲ್ಟ್ ಕಳಿಸುತ್ತದೆ. ಟಿವಿ 19ನೇ ಪಿನ್ನಿನಲ್ಲಿ ‘ನಾನಿದ್ದೀನಿ’ ಅಂತ ಉತ್ತರ ಕೊಡುತ್ತದೆ. ಇದಕ್ಕೆ ಹಾಟ್ ಪ್ಲಗ್ ಅನ್ನುತ್ತಾರೆ. ಈ ಉತ್ತರ ಬರದಿದ್ದರೆ ಸಾಮಾನ್ಯವಾಗಿ ಬಾಕ್ಸ್ ಮುಂದಿನ ಹೆಜ್ಜೆ ಇಡೋದೇ ಇಲ್ಲ.

ಎರಡನೆಯದು ಪರಿಚಯ. ಟಿವಿಯೊಳಗೆ ಇಡಿಐಡಿ ಅನ್ನೋ ಒಂದು ಪುಟ್ಟ ದಾಖಲೆ ಇರುತ್ತದೆ, ಸಾಮಾನ್ಯವಾಗಿ 256 ಬೈಟ್ ಅಷ್ಟೇ. ಯಾವ ಕಂಪನಿ, ಯಾವ ಮಾಡೆಲ್, ಯಾವ ಯಾವ ರೆಸಲ್ಯೂಶನ್ ತೋರಿಸಬಲ್ಲೆ, ಯಾವ ಆಡಿಯೊ ಅರ್ಥವಾಗುತ್ತದೆ ಎಂಬೆಲ್ಲ ಮಾಹಿತಿ ಅದರಲ್ಲಿ. ಬಾಕ್ಸ್ ಅದನ್ನು ಓದಿ ಚಿತ್ರದ ಅಳತೆ ನಿರ್ಧರಿಸುತ್ತದೆ. ಇದನ್ನು ತಪ್ಪಾಗಿ ಓದಿದರೆ ಚಿತ್ರ ಇದ್ದು ಧ್ವನಿ ಇಲ್ಲ, ಅಥವಾ ಧ್ವನಿ ಇದ್ದು ಚಿತ್ರ ಇಲ್ಲ, ಅಥವಾ ‘ಫಾರ್ಮ್ಯಾಟ್ ಸಪೋರ್ಟ್ ಇಲ್ಲ’ ಅನ್ನೋ ಸಂದೇಶ. ಕರೆಂಟ್ ಹೋಗಿ ಬಂದಾಗ ಈ ಎಡವಟ್ಟು ಜಾಸ್ತಿ. ಬಾಕ್ಸ್ ಎದ್ದು ಕಣ್ಣು ಬಿಡುವಾಗ ಟಿವಿ ಇನ್ನೂ ಎದ್ದಿರುವುದಿಲ್ಲ. ಬಾಕ್ಸ್ ತನ್ನಿಷ್ಟಕ್ಕೆ ಒಂದು ಲೆಕ್ಕ ಹಾಕಿಕೊಂಡು ಕೂತುಬಿಡುತ್ತದೆ.

ಮೂರನೆಯದೇ ಬೀಗ. ಹೆಸರು ಎಚ್‌ಡಿಸಿಪಿ, ಬಿಡಿಸಿ ಹೇಳಿದರೆ ಹೈ ಬ್ಯಾಂಡ್‌ವಿಡ್ತ್ ಡಿಜಿಟಲ್ ಕಂಟೆಂಟ್ ಪ್ರೊಟೆಕ್ಷನ್. ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ ನೆನಪಿಸಿಕೊಳ್ಳಿ. ಬಾಕ್ಸ್ ಟಿವಿಯನ್ನು ಕೇಳುತ್ತದೆ: ನೀನು ಅಧಿಕೃತ ಟಿವಿಯೋ, ಅಥವಾ ಟಿವಿ ವೇಷ ಹಾಕಿದ ರೆಕಾರ್ಡರೋ? ಗುರುತಿನ ಚೀಟಿ ತೋರಿಸು. ಪ್ರತಿಯೊಂದು ಟಿವಿಯೊಳಗೂ ಕಾರ್ಖಾನೆಯಲ್ಲೇ ಹಾಕಿದ ಗುಪ್ತ ಕೀಲಿಗಳಿರುತ್ತವೆ. ಹಳೆಯ ಆವೃತ್ತಿಯಲ್ಲಿ ಒಂದು ಸಾಧನಕ್ಕೆ 40 ಕೀಲಿ, ಪ್ರತಿಯೊಂದೂ 56 ಬಿಟ್ ಉದ್ದ. ಎರಡೂ ಕಡೆಯವರು ಪರಸ್ಪರ ಗುರುತು ವಿನಿಮಯ ಮಾಡಿಕೊಂಡು, ತಮ್ಮ ತಮ್ಮ ಕೀಲಿಗಳಿಂದ ಒಂದು ಲೆಕ್ಕ ಮಾಡುತ್ತಾರೆ. ಉತ್ತರ ಒಂದೇ ಬಂದರೆ ಚಿತ್ರವನ್ನು ಗೂಢಲಿಪಿಯಲ್ಲಿ ಕಳಿಸಲು ಶುರು. ಇಲ್ಲದಿದ್ದರೆ ಕಪ್ಪು ಪರದೆ.

ಒಂದು ಸಲ ಒಳಗೆ ಬಿಟ್ಟ ಮೇಲೆ ಸೆಕ್ಯುರಿಟಿ ಸುಮ್ಮನಿರುತ್ತಾರಾ? ಇಲ್ಲ. ಪ್ರತಿ 128 ಫ್ರೇಮ್‌ಗೆ ಒಂದು ಸಲ ಮತ್ತೆ ಲೆಕ್ಕ ತಾಳೆ ನೋಡಬೇಕು ಅನ್ನೋದು ಆ ಹಳೆಯ ಆವೃತ್ತಿಯ ನಿಯಮ. ನಮ್ಮ ಸೆಕೆಂಡಿಗೆ 50 ಫ್ರೇಮಿನ ಲೆಕ್ಕ ಹಿಡಿದರೆ ಸುಮಾರು ಎರಡೂವರೆ ಸೆಕೆಂಡಿಗೆ ಒಂದು ಸಲ. ನೀವು ಸೋಫಾದ ಮೇಲೆ ಕೂತು ಚಹಾ ಕುಡಿಯುವಾಗ, ಆ ಸಂಜೆಯುದ್ದಕ್ಕೂ ನಿಮ್ಮ ಬಾಕ್ಸ್ ನಿಮ್ಮ ಟಿವಿಯ ಗುರುತಿನ ಚೀಟಿಯನ್ನು ಸಾವಿರಾರು ಸಲ ಕೇಳಿರುತ್ತದೆ. ಒಂದು ಸಲ ತಾಳೆ ತಪ್ಪಿದರೆ ಚಿತ್ರ ಬಂದ್, ಮತ್ತೆ ಮೊದಲಿನಿಂದ ವಿಚಾರಣೆ.

ಅಮ್ಮನ ಟಿವಿ ‘ಕಣ್ಣು ಹೊಡೀತಿದ್ದದ್ದು’ ಇದಕ್ಕೇ. ಎರಡು ಮೂರು ಸೆಕೆಂಡ್ ಅನ್ನೋ ಅವಳ ಲೆಕ್ಕ ಎಷ್ಟು ಕರಾರುವಾಕ್ಕು ಅಂತ ಆಮೇಲೆ ಯೋಚಿಸಿದೆ. ಬಂದ ಇಬ್ಬರಲ್ಲಿ ಒಬ್ಬರಾದರೂ ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ 13,500 ಉಳಿಯುತ್ತಿತ್ತು.

ಬೀಗ ಹುಟ್ಟಿದ ಕತೆ

ಇದು ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಡಿಜಿಟಲ್ ಟಿವಿ ಬರುತ್ತಿದ್ದ ಕಾಲದಲ್ಲಿ ಹಾಲಿವುಡ್ ಸ್ಟುಡಿಯೊಗಳಿಗೆ ಒಂದು ಭಯ ಹಿಡಿಯಿತು. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಕಾಪಿ ಮಾಡಿದರೆ ಗುಣಮಟ್ಟ ಇಳಿಯುತ್ತಾ ಹೋಗುತ್ತದೆ. ಡಿಜಿಟಲ್‌ನಲ್ಲಿ ಸಾವಿರನೇ ಕಾಪಿಯೂ ಮೊದಲನೆಯದರಷ್ಟೇ ಚೆನ್ನಾಗಿರುತ್ತದೆ. ಹಾಗಾದರೆ ಬಾಕ್ಸಿನಿಂದ ಟಿವಿಗೆ ಹೋಗುವ ದಾರಿಯಲ್ಲೇ ಯಾರಾದರೂ ಕದ್ದರೆ? ಇಂಟೆಲ್ ಕಂಪನಿ ಈ ಬೀಗವನ್ನು ಅಭಿವೃದ್ಧಿ ಮಾಡಿತು. ಮೊದಲ ಆವೃತ್ತಿ ಬಂದದ್ದು 2000ದಲ್ಲಿ, ಆಗಿನ ಡಿವಿಐ ಸಂಪರ್ಕಕ್ಕೆ. 2002ರ ಡಿಸೆಂಬರ್‌ನಲ್ಲಿ ಎಚ್‌ಡಿಎಂಐ ಬಂತು. ಸೋನಿ, ತೋಷಿಬಾ, ಹಿಟಾಚಿ, ಫಿಲಿಪ್ಸ್, ಪ್ಯಾನಸೋನಿಕ್‌ನ ಮಾತೃಸಂಸ್ಥೆ ಮತ್ಸುಶಿತಾ, ಥಾಮ್ಸನ್, ಸಿಲಿಕಾನ್ ಇಮೇಜ್ ಸೇರಿ ಮಾಡಿದ್ದು. ಬೀಗವೂ ಜೊತೆಗೇ ಬಂತು.

ಎಚ್‌ಡಿಎಂಐ ಲೈಸೆನ್ಸಿನ ದರಪಟ್ಟಿಯನ್ನು ಒಮ್ಮೆ ನೋಡಬೇಕು. ಒಂದು ಸಾಧನಕ್ಕೆ ತಯಾರಕರು ಕೊಡಬೇಕಾದ ರಾಯಧನ 15 ಸೆಂಟ್. ಎಚ್‌ಡಿಎಂಐ ಲೋಗೊ ಹಾಕಿಕೊಂಡರೆ 5 ಸೆಂಟ್. ಲೋಗೊ ಜೊತೆಗೆ ಎಚ್‌ಡಿಸಿಪಿ ಬೀಗವನ್ನೂ ಅಳವಡಿಸಿದರೆ 4 ಸೆಂಟ್. ನನಗಂತೂ ಇಡೀ ಕತೆ ಈ ಒಂದು ಸೆಂಟ್‌ನಲ್ಲಿ ಇದೆ ಅನ್ನಿಸುತ್ತದೆ. ಗ್ರಾಹಕರಲ್ಲಿ ಯಾರೂ ಕೇಳದ ಒಂದು ಭಾಗವನ್ನು ಟಿವಿಯೊಳಗೆ ಇಟ್ಟದ್ದಕ್ಕೆ ಕಂಪನಿಗೆ ರಿಯಾಯಿತಿ.

ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2003ರಲ್ಲಿ ಮಾಡಿದ ನಿಯಮದ ಪ್ರಕಾರ 2005ರ ಜುಲೈ 1ರಿಂದ ಕೇಬಲ್ ಕಂಪನಿಗಳು ಕೊಡುವ ಎಚ್‌ಡಿ ಬಾಕ್ಸ್‌ಗಳಲ್ಲಿ ಡಿವಿಐ ಅಥವಾ ಎಚ್‌ಡಿಎಂಐ ಇರಲೇಬೇಕಾಯಿತು. ಅದಕ್ಕೂ ಮೊದಲೇ ಸಾವಿರಾರು ಡಾಲರ್ ಸುರಿದು ಎಚ್‌ಡಿ ಟಿವಿ ಕೊಂಡವರು ಅಲ್ಲಿದ್ದರು. ಅವರ ಟಿವಿಗಳಲ್ಲಿ ಬೀಗ ತೆಗೆಯುವ ಕೀಲಿ ಇರಲಿಲ್ಲ. ಹೊಸತನ್ನು ಎಲ್ಲರಿಗಿಂತ ಮೊದಲು ಕೊಂಡವರಿಗೇ ಮೊದಲ ಪೆಟ್ಟು. 4ಕೆ ಬಂದಾಗಲೂ ಇದೇ ಆಯಿತು. 2013ರಲ್ಲಿ ಎಚ್‌ಡಿಎಂಐಗೆ 2.2 ಆವೃತ್ತಿಯ ಬೀಗ ಬಂತು. ಅದಿಲ್ಲದೆ ಮಾರಾಟವಾಗಿದ್ದ ಮೊದಮೊದಲ 4ಕೆ ಟಿವಿಗಳಿಗೆ ಬೀಗ ಹಾಕಿದ 4ಕೆ ಚಿತ್ರ ತೋರಿಸುವ ಯೋಗ್ಯತೆ ಇಲ್ಲ ಅಂತಾಯಿತು. ಪರದೆ ಅದೇ, ಬೆಳಕು ಅದೇ, ಆದರೆ ಚೀಟಿ ಹಳೆಯದು.

ಸರಿ, ಇಷ್ಟೆಲ್ಲ ಮಾಡಿ ಕಳ್ಳತನ ನಿಂತಿತಾ?

2001ರಲ್ಲೇ ಸಂಶೋಧಕರ ತಂಡವೊಂದು ಈ ಬೀಗದ ಗಣಿತದಲ್ಲಿ ದೋಷ ಇದೆ ಅಂತ ಪ್ರಬಂಧ ಬರೆದಿತ್ತು. ಸುಮಾರು 40 ಸಾಧನಗಳ ಕೀಲಿ ಸಿಕ್ಕರೆ ಸಾಕು, ಅದರಿಂದ ಎಲ್ಲ ಕೀಲಿಗಳ ತಾಯಿ ಕೀಲಿಯನ್ನೇ ಲೆಕ್ಕ ಹಾಕಬಹುದು ಅಂತ. ಅದೇ ವರ್ಷ ನೀಲ್ಸ್ ಫರ್ಗುಸನ್ ಅನ್ನೋ ಡಚ್ ಗೂಢಲಿಪಿ ತಜ್ಞ ತಾನೂ ದೋಷ ಕಂಡುಹಿಡಿದಿದ್ದೇನೆ, ಆದರೆ ಪ್ರಕಟಿಸಲ್ಲ ಅಂದರು. ಕಾರಣ ಅಮೆರಿಕದ 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆ. ಬೀಗ ಹೇಗೆ ಒಡೆಯುತ್ತದೆ ಅಂತ ಬರೆದರೆ ಅಮೆರಿಕಕ್ಕೆ ಕಾಲಿಟ್ಟಾಗ ಕೇಸ್ ಬೀಳಬಹುದು ಅನ್ನೋ ಭಯ. ಬಾಗಿಲು ಭದ್ರ ಇಲ್ಲ ಅಂತ ಹೇಳುವವರ ಬಾಯಿ ಮುಚ್ಚಿಸಿದರೆ ಬಾಗಿಲು ಭದ್ರವಾಗುವುದಿಲ್ಲವಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಆ ತಾಯಿ ಕೀಲಿ ಇಂಟರ್‌ನೆಟ್‌ನಲ್ಲಿ ಬಂದೇಬಿಟ್ಟಿತು. ಅದು ಅಸಲಿ ಅಂತ ಇಂಟೆಲ್ ಒಪ್ಪಿಕೊಂಡಿತು, ಕಾನೂನಿನ ಎಚ್ಚರಿಕೆಯನ್ನೂ ಕೊಟ್ಟಿತು.

ಅಂದಿನಿಂದ ಹಳೇ ಆವೃತ್ತಿಯ ಈ ಬೀಗ ವೃತ್ತಿಪರ ಕಳ್ಳರನ್ನು ತಡೆಯೋದಿಲ್ಲ. ಬಿಡುಗಡೆಯಾದ ವಾರದೊಳಗೆ ಕನ್ನಡ ಸಿನಿಮಾ ಟೆಲಿಗ್ರಾಂನಲ್ಲಿ ಓಡಾಡೋದು ನಾವೆಲ್ಲ ನೋಡಿದ್ದೇವೆ. ನಿರ್ಮಾಪಕರ ಹೊಟ್ಟೆಗೆ ಹೊಡೆಯುವ ಆ ಕಳ್ಳತನವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆ ಕಳ್ಳ ಅಮ್ಮನ ಎಚ್‌ಡಿಎಂಐ ವೈರ್‌ನಿಂದ ಕದಿಯುತ್ತಿಲ್ಲ. ಇನ್ನೊಂದು ವಿಷಯ ಗಮನಿಸಿ: ಧಾರಾವಾಹಿ ಮಧ್ಯೆ ಪರದೆಯ ಯಾವುದೋ ಮೂಲೆಯಲ್ಲಿ ಒಂದು ಉದ್ದದ ಸಂಖ್ಯೆ ಮಿಂಚಿ ಮಾಯವಾಗುತ್ತಲ್ಲ, ಅದು ನಿಮ್ಮ ಬಾಕ್ಸಿನ ಅಥವಾ ಕಾರ್ಡಿನ ಗುರುತು. ಫಿಂಗರ್‌ಪ್ರಿಂಟಿಂಗ್ ಅನ್ನುತ್ತಾರೆ. ಯಾರಾದರೂ ರೆಕಾರ್ಡ್ ಮಾಡಿ ಹಂಚಿದರೆ ಯಾವ ಬಾಕ್ಸಿನಿಂದ ಹೋಯಿತು ಅಂತ ಹಿಡಿಯಲು ಈ ವ್ಯವಸ್ಥೆ, ನಮ್ಮ ನಿಯಮಗಳಲ್ಲೇ ಇದು ಕಡ್ಡಾಯ. ತಪ್ಪು ಮಾಡಿದವರನ್ನು ಹುಡುಕುವ ದಾರಿ ಇದು. ಎಚ್‌ಡಿಸಿಪಿ ಹಾಗಲ್ಲ, ಅದು ಎಲ್ಲರನ್ನೂ ಎರಡೂವರೆ ಸೆಕೆಂಡಿಗೊಮ್ಮೆ ಅನುಮಾನಿಸುತ್ತದೆ.

ಬಾಕ್ಸ್ ಯಾರದ್ದು?

ನಮ್ಮಲ್ಲಿ ಬಾಕ್ಸ್ ಮನೆಮನೆಗೆ ಬಂದದ್ದು ಕಾನೂನಿನ ಮೂಲಕ. ಕೇಬಲ್ ಟಿವಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಆಯಿತು, ನಾಲ್ಕು ಹಂತದಲ್ಲಿ ಡಿಜಿಟಲೀಕರಣ ಅಂದರು. ಬೆಂಗಳೂರು, ಮೈಸೂರು ಇದ್ದದ್ದು ಎರಡನೇ ಹಂತದಲ್ಲಿ, ಗಡುವು 2013ರ ಮಾರ್ಚ್ 31. ನಮ್ಮೂರಿನಂಥ ಊರುಗಳು ಕೊನೇ ಹಂತದಲ್ಲಿ, ಅದು ಮುಂದೂಡಿ ಮುಂದೂಡಿ 2017ರ ಮಾರ್ಚ್ ತನಕ ಎಳೆಯಿತು. ಅದಕ್ಕೂ ಮೊದಲು ಗೋಡೆಯಿಂದ ಬಂದ ವೈರ್ ಸೀದಾ ಟಿವಿಗೆ ಹೋಗುತ್ತಿತ್ತು, ಟಿವಿಯೇ ಚಾನೆಲ್ ಹುಡುಕುತ್ತಿತ್ತು. ಬಾಕ್ಸ್ ಬಂದ ಮೇಲೆ ನಡುವೆ ಒಬ್ಬ ದಲ್ಲಾಳಿ ಬಂದ ಹಾಗಾಯಿತು. ಲಾಭವೂ ಇತ್ತು, ಇಲ್ಲ ಅನ್ನಲ್ಲ. ಚಿತ್ರ ಸ್ವಚ್ಛವಾಯಿತು, ಚಂದಾದಾರರ ಲೆಕ್ಕ ಮುಚ್ಚಿಡೋದು ಕಷ್ಟವಾಯಿತು. ಆದರೆ ಒಂದು ಕಂಪನಿಯ ಬಾಕ್ಸ್ ಇನ್ನೊಂದು ಕಂಪನಿಗೆ ಆಗಲ್ಲ.

ಮೊಬೈಲ್ ನಂಬರ್ ಪೋರ್ಟ್ ಮಾಡುವ ಕಾಲದಲ್ಲಿ ಬಾಕ್ಸ್ ಯಾಕೆ ಪೋರ್ಟ್ ಆಗಲ್ಲ? ಡಿಟಿಎಚ್ ಲೈಸೆನ್ಸಿನ ಷರತ್ತಿನಲ್ಲಿ ಮೊದಲಿನಿಂದಲೂ ಇದೆ: ಒಬ್ಬರ ಬಾಕ್ಸ್ ಇನ್ನೊಬ್ಬರ ಸೇವೆಗೂ ತಾಂತ್ರಿಕವಾಗಿ ಹೊಂದಬೇಕು ಅಂತ. ಕಾಗದದ ಮೇಲೆ. 2020ರ ಏಪ್ರಿಲ್‌ನಲ್ಲಿ ಟ್ರಾಯ್ ಕೇಬಲ್, ಡಿಟಿಎಚ್ ಎರಡಕ್ಕೂ ಇದನ್ನು ಕಡ್ಡಾಯ ಮಾಡಿ ಅಂತ ಕೇಂದ್ರಕ್ಕೆ ಶಿಫಾರಸು ಮಾಡಿತು. ನಿಮ್ಮ ಮನೆಯಲ್ಲಿ ಆಪರೇಟರ್ ಬದಲಿಸಿದಾಗ ಹಳೇ ಬಾಕ್ಸ್ ಏನಾಯಿತು ಅಂತ ನೆನಪಿಸಿಕೊಳ್ಳಿ. ಅಟ್ಟದ ಮೇಲಿದೆ, ಅಲ್ವಾ?

ಅಮೆರಿಕದಲ್ಲೂ ಇದೇ ಜಗಳ ನಡೆದಿತ್ತು. ಅಲ್ಲಿ ಬಾಕ್ಸ್ ಬಾಡಿಗೆಗೆ. ಇಬ್ಬರು ಸೆನೆಟರ್‌ಗಳು 2015ರಲ್ಲಿ ಲೆಕ್ಕ ಹಾಕಿಸಿದಾಗ ಒಂದು ಮನೆ ವರ್ಷಕ್ಕೆ ಸರಾಸರಿ 231 ಡಾಲರ್ ಬರೀ ಬಾಕ್ಸ್ ಬಾಡಿಗೆ ಕೊಡುತ್ತಿತ್ತು. ಬೇರೆಯವರೂ ಬಾಕ್ಸ್ ಮಾಡಿ ಮಾರಬಹುದು ಅನ್ನೋ ನಿಯಮ ತರಲು 2016ರಲ್ಲಿ ಎಫ್‌ಸಿಸಿ ಅಧ್ಯಕ್ಷ ಟಾಮ್ ವ್ಹೀಲರ್ ಹೊರಟರು. ಕೇಬಲ್ ಕಂಪನಿಗಳು, ಸ್ಟುಡಿಯೊಗಳು ಒಟ್ಟಾಗಿ ವಿರೋಧಿಸಿದವು. ಸೆಪ್ಟೆಂಬರ್‌ನಲ್ಲಿ ಮತಕ್ಕೆ ಬರಬೇಕಿದ್ದದ್ದು ಬರಲಿಲ್ಲ. ಮುಂದಿನ ಜನವರಿಯಲ್ಲಿ ಬಂದ ಹೊಸ ಅಧ್ಯಕ್ಷರು ಆ ಕಡತವನ್ನೇ ಪಟ್ಟಿಯಿಂದ ತೆಗೆದರು.

ಇಲ್ಲಿ ನಮ್ಮ ಕಾನೂನಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ಸೇರಿಸಿದ 65ಎ ಸೆಕ್ಷನ್ ಪ್ರಕಾರ ಇಂಥ ಬೀಗ ಮುರಿಯೋದು ಅಪರಾಧ, ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಆದರೆ ‘ಹಕ್ಕು ಉಲ್ಲಂಘಿಸುವ ಉದ್ದೇಶದಿಂದ’ ಮುರಿದರೆ ಮಾತ್ರ. ಸಂಶೋಧನೆಗೆ, ಗೂಢಲಿಪಿ ಅಧ್ಯಯನಕ್ಕೆ ವಿನಾಯಿತಿಯೂ ಇದೆ. ಅಮೆರಿಕದ ಕಾಯ್ದೆಯಲ್ಲಿ ಈ ಉದ್ದೇಶದ ಷರತ್ತು ಹೀಗೆ ಸ್ಪಷ್ಟವಾಗಿಲ್ಲ, ಬೀಗ ಮುಟ್ಟಿದ್ದೇ ತಪ್ಪಾಗಬಹುದು. ವ್ಯಾಪಾರ ಒಪ್ಪಂದಗಳ ಮಾತುಕತೆಯಲ್ಲಿ ‘ಬೌದ್ಧಿಕ ಆಸ್ತಿ’ ಅನ್ನೋ ಅಧ್ಯಾಯ ಬಂದಾಗಲೆಲ್ಲ ಈ ಮೂರು ಪದಗಳ ಮೇಲೆ ಕಣ್ಣಿಡಿ. ಅವು ಹೋದರೆ ರಿಪೇರಿ ಅಂಗಡಿಯವನೂ ಅಪರಾಧಿಯಾಗಬಹುದು.

ಇನ್ನು ಕೇಬಲ್ ಹುಡುಗನ ಮೇಲೆ ನನಗೆ ಮೊದಲಿದ್ದ ಸಿಟ್ಟು ಈಗಿಲ್ಲ. ಅವನಿಗೆ ಕಂಬ ಹತ್ತೋದು ಗೊತ್ತು, ಮಳೆಯಲ್ಲಿ ಜಾಯಿಂಟ್ ಹಾಕೋದು ಗೊತ್ತು, ತಿಂಗಳ ಕಲೆಕ್ಷನ್ ಗೊತ್ತು. ಈ ಬೀಗದ ಬಗ್ಗೆ ಅವನಿಗೆ ಯಾರೂ ಒಂದು ದಿನದ ತರಬೇತಿ ಕೊಟ್ಟಿಲ್ಲ. ಟಿವಿ ಹೊಸದು ತಗೊಳ್ಳಿ ಅಂತ ಅವನೂ ಹೇಳಿರಲಿಲ್ಲ. ಇಬ್ಬರ ಜಗಳದಲ್ಲಿ ಅಮ್ಮನೇ ಸೋತು ತಗೊಂಡಳು. ತಪ್ಪಾದಾಗ ಬಾಕ್ಸಿನ ಮೆದುಳಿಗೆ ಕಾರಣ ಗೊತ್ತಿರುತ್ತದೆ: ಯಾವ ಹೆಜ್ಜೆಯಲ್ಲಿ ಮಾತು ಮುರಿಯಿತು ಅಂತ. ಅದನ್ನು ಪರದೆ ಮೇಲೆ, ಅಥವಾ ಮುಂದಿನ ಪುಟ್ಟ ಡಿಸ್‌ಪ್ಲೇಯಲ್ಲಿ, ಒಂದು ಕೋಡ್ ಆಗಿಯಾದರೂ ತೋರಿಸಲು ಕಂಪನಿಗೆ ಏನು ಕಷ್ಟ? ಕೆಲವು ಬಾಕ್ಸ್‌ಗಳು ತೋರಿಸುತ್ತವೆ. ಅಮ್ಮನ ಬಾಕ್ಸ್ ತೋರಿಸಲಿಲ್ಲ.

ನಿಮ್ಮ ಮನೆಯಲ್ಲಿ ಕಪ್ಪು ಪರದೆ ಬಂದಾಗ

ಹಬ್ಬಕ್ಕೆ ಊರಿಗೆ ಹೋದಾಗ ‘ಕಂಪ್ಯೂಟರ್ ಓದಿದೋರು’ ಅಂತ ಟಿವಿ ಮುಂದೆ ನಿಮ್ಮನ್ನೇ ನಿಲ್ಲಿಸುತ್ತಾರೆ. ಆಗ ಉಪಯೋಗಕ್ಕೆ ಬರಲಿ.

ಮೊದಲು ಎರಡನ್ನೂ ಗೋಡೆಯ ಸ್ವಿಚ್‌ನಲ್ಲೇ ಆಫ್ ಮಾಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಅವು ಅರೆನಿದ್ದೆಯಲ್ಲಿರುತ್ತವೆ, ಹಳೇ ಜಗಳ ನೆನಪಿಟ್ಟುಕೊಂಡಿರುತ್ತವೆ. ವೈರ್ ಎರಡೂ ಕಡೆ ಬಿಚ್ಚಿ ಮತ್ತೆ ಸಿಕ್ಕಿಸಿ. ಒಂದೆರಡು ನಿಮಿಷ ಬಿಟ್ಟು ಮೊದಲು ಟಿವಿ ಹಾಕಿ, ಸರಿಯಾದ ಎಚ್‌ಡಿಎಂಐ ಇನ್‌ಪುಟ್‌ಗೆ ಬನ್ನಿ, ಆಮೇಲೆ ಬಾಕ್ಸ್ ಹಾಕಿ. ಬಾಕ್ಸ್ ಎದ್ದು ಹಾಜರಿ ಕೂಗುವಾಗ ಟಿವಿ ಎಚ್ಚರವಾಗಿರಬೇಕು, ಅಷ್ಟೇ ಗುಟ್ಟು. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಕರೆಂಟ್ ಇರುವಾಗ ಎಚ್‌ಡಿಎಂಐ ಸಿಕ್ಕಿಸೋ ಅಭ್ಯಾಸ ಬಿಡಿ. ಎರಡು ಪಿನ್ನಿನ ಅಡಾಪ್ಟರ್ ಇರುವ ಬಾಕ್ಸಿನ ಲೋಹದ ಭಾಗ ಮುಟ್ಟಿದರೆ ಕೈ ಜುಮ್ ಅನ್ನುತ್ತಲ್ಲ, ಅದು ಅರ್ತಿಂಗ್ ಇಲ್ಲದ ಸೋರಿಕೆ ಕರೆಂಟ್. ಮನುಷ್ಯನಿಗೆ ಸಾಮಾನ್ಯವಾಗಿ ಅಪಾಯ ಆಗುವಷ್ಟಿಲ್ಲ, ಪೋರ್ಟ್ ಒಳಗಿನ ಸಣ್ಣ ಚಿಪ್‌ಗೆ ಸಾಕು. ಮಲೆನಾಡಿನವರಿಗೆ ಬೇರೆ ಹೇಳಬೇಕಿಲ್ಲ: ಗುಡುಗು ಶುರುವಾದರೆ ಪ್ಲಗ್ ಮಾತ್ರ ಅಲ್ಲ, ಕೇಬಲ್‌ನವರ ದುಂಡನೆ ವೈರನ್ನೂ ಬಾಕ್ಸಿನಿಂದ ಬಿಚ್ಚಿ. ಸಿಡಿಲಿನ ಪೆಟ್ಟು ಆ ದಾರಿಯಲ್ಲೂ ಬಂದು, ಬಾಕ್ಸ್ ದಾಟಿ, ಟಿವಿಯ ಪೋರ್ಟ್ ಸುಡುತ್ತದೆ.

ಲಕ್ಷಣ ನೋಡಿ ರೋಗ ಹೇಳೋದು ಪೂರ್ತಿ ಆಗಲ್ಲ, ಆದರೂ ಅಂದಾಜು ಸಿಗುತ್ತದೆ. ಚಿತ್ರ ಇದ್ದು ಅಲ್ಲಲ್ಲಿ ಬಿಳಿ ಚುಕ್ಕೆ ಮಿಂಚಿದರೆ ಎಚ್‌ಡಿಎಂಐ ವೈರ್ ಅಥವಾ ಅದರ ತುದಿ ಮೇಲೆ ಅನುಮಾನ. ಚೌಕ ಚೌಕವಾಗಿ ಒಡೆದರೆ ಅದು ಹೆಚ್ಚಾಗಿ ಕೇಬಲ್ ಸಿಗ್ನಲ್ ಸಮಸ್ಯೆ, ಎಚ್‌ಡಿಎಂಐಗೆ ಸಂಬಂಧವಿಲ್ಲ. ತಾಳಬದ್ಧವಾಗಿ ಬಂದು ಹೋದರೆ, ಪರದೆ ತುಂಬ ಬಣ್ಣದ ಮಂಜು ಕವಿದರೆ, ಅಥವಾ ಸಾದಾ ಚಾನೆಲ್ ಬಂದು ಎಚ್‌ಡಿ ಚಾನೆಲ್ ಮಾತ್ರ ಕಪ್ಪಾದರೆ ಬೀಗದ ಕಡೆ ನೋಡಿ. ನಡುವೆ ಸ್ಪ್ಲಿಟರ್, ಕನ್ವರ್ಟರ್, ಸೌಂಡ್‌ಬಾರ್ ಇದ್ದರೆ ಅದನ್ನು ತೆಗೆದು ನೇರ ಜೋಡಿಸಿ. ನಡುವೆ ಬರುವ ಪ್ರತಿ ಸಾಧನವೂ ಚೀಟಿ ತೋರಿಸಬೇಕು. ಎಚ್‌ಡಿಎಂಐನಿಂದ ಹಳೇ ಮಾನಿಟರ್‌ಗೆ ಹೋಗುವ ಅಗ್ಗದ ಕನ್ವರ್ಟರ್‌ಗಳಲ್ಲಿ ಎಷ್ಟೋ ಸಲ ಚೀಟಿಯೇ ಇರಲ್ಲ.

ಎವಿ ವೈರ್ ಹಾಕಿ ನೋಡಿ. ಅದರಲ್ಲಿ ಚಿತ್ರ ಬಂದು ಎಚ್‌ಡಿಎಂಐನಲ್ಲಿ ಬರದಿದ್ದರೆ, ಸಮಸ್ಯೆ ಸಿಗ್ನಲ್‌ನಲ್ಲಿ ಇಲ್ಲ ಅಂತ ಖಾತ್ರಿ. ಹಾಗೇ ಬಾಕ್ಸಿನ ಸೆಟ್ಟಿಂಗ್‌ಗೆ ಹೋಗಿ ರೆಸಲ್ಯೂಶನ್ ಅನ್ನು 720ಪಿ ಮಾಡಿ, ಆಮೇಲೆ ಎಚ್‌ಡಿಎಂಐಗೆ ಮರಳಿ. ಬೇರೆ ಎಚ್‌ಡಿಎಂಐ ಪೋರ್ಟ್ ಇದ್ದರೆ ಅದನ್ನೂ ನೋಡಿ. ಇದಾವುದೂ ಆಗದಿದ್ದರೆ ಬಾಕ್ಸನ್ನು ಇನ್ನೊಂದು ಮನೆಯ ಟಿವಿಗೆ ಎಚ್‌ಡಿಎಂಐನಲ್ಲೇ ಹಾಕಿ ನೋಡಬೇಕು, ಅಮ್ಮನ ವಿಷಯದಲ್ಲಿ ಆದ ಹಾಗೆ ಎವಿಯಲ್ಲಿ ಅಲ್ಲ. ನಿಮ್ಮ ಟಿವಿಗೆ ಲ್ಯಾಪ್‌ಟಾಪ್ ಅಥವಾ ಇನ್ನೊಬ್ಬರ ಬಾಕ್ಸ್ ಎಚ್‌ಡಿಎಂಐನಲ್ಲೇ ಹಾಕಬೇಕು. ಪೆನ್‌ಡ್ರೈವ್ ಸಾಕ್ಷಿ ಒಪ್ಪಬೇಡಿ.

ಚಿನ್ನದ ಲೇಪದ ಎರಡು ಸಾವಿರದ ಕೇಬಲ್ ಮಾರಲು ಬಂದರೆ ಬೇಡ ಅನ್ನಿ. ಎಚ್‌ಡಿ ಚಾನೆಲ್‌ನ ಚಿತ್ರ ಸಾಗಲು ಸೆಕೆಂಡಿಗೆ ಸುಮಾರು 2.2 ಗಿಗಾಬಿಟ್ ಸಾಕು. ‘ಹೈ ಸ್ಪೀಡ್’ ಅಂತ ಬರೆದ ಸಾಧಾರಣ ಕೇಬಲ್ 10.2 ತನಕ ಹೊರುತ್ತದೆ. ಉದ್ದ ಎರಡು ಮೀಟರ್ ಮೀರದಿದ್ದರೆ ಒಳ್ಳೆಯದು.

ದೂರು ಕೊಡುವಾಗ ‘ಟಿವಿ ಬರ್ತಿಲ್ಲ’ ಅನ್ನಬೇಡಿ. ‘ಎವಿಯಲ್ಲಿ ಬರುತ್ತೆ, ಎಚ್‌ಡಿಎಂಐನಲ್ಲಿ ಎಚ್‌ಡಿಸಿಪಿ ಹ್ಯಾಂಡ್‌ಶೇಕ್ ಫೇಲ್ ಆಗ್ತಿದೆ, ಎರಡು ಟಿವಿಯಲ್ಲಿ ನೋಡಿದ್ದೀನಿ’ ಅನ್ನಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ನಾನು ಹಾಗೇ ಮಾಡಿದೆ. ಫೋನ್ ಎತ್ತಿದವರು ಎರಡು ಸಲ ನನ್ನನ್ನು ಹೋಲ್ಡ್‌ನಲ್ಲಿಟ್ಟರು. ಎಚ್‌ಡಿಸಿಪಿ ಅನ್ನೋ ಪದ ಕೇಳಿದ ಮೇಲೆ ಮೂರನೆಯವರಿಗೆ ವರ್ಗಾಯಿಸಿದರು. ಅವರು ಒಂದೇ ಪ್ರಶ್ನೆ ಕೇಳಿದರು: ಬಾಕ್ಸಿನ ಕೆಳಗಿರುವ ಮಾಡೆಲ್ ನಂಬರ್. ಹೇಳಿದೆ. "ಅದು ಬದಲಾಯಿಸಿ ಕೊಡ್ತೀವಿ ಮೇಡಂ" ಅಂದರು, ಬೇರೇನೂ ವಿಚಾರಿಸದೆ. ಅಂದರೆ ಆ ಮಾಡೆಲಿನ ಕತೆ ಅವರಿಗೆ ಗೊತ್ತಿತ್ತು. ಹಾಗಾದರೆ ಇದು ನಿಮ್ಮ ಬಾಕ್ಸಿನ ದೋಷ ಅಂತ ಬರೆದುಕೊಡಿ, ನನ್ನ ತಾಯಿ ಇದಕ್ಕಾಗಿ ಟಿವಿಯನ್ನೇ ಬದಲಿಸಿದ್ದಾರೆ ಅಂದೆ. ಅಂಥ ಪತ್ರ ಕೊಡಲು ಅವಕಾಶ ಇಲ್ಲ ಅಂದರು.

ನಾಲ್ಕು ದಿನಕ್ಕೆ ಬೇರೆ ಬಾಕ್ಸ್ ಬಂತು, ತಂದವನು ಅದೇ ಹುಡುಗ. ಸಿಕ್ಕಿಸಿದ, ಚಿತ್ರ ನಿಂತಿತು. ಅಮ್ಮ ಕಾಫಿ ಕೊಟ್ಟಳು. ಹಳೇ ಟಿವಿ ಚೆನ್ನಾಗಿತ್ತು ಅಂತ ಅವನಿಗೆ ಹೇಳಬೇಡ ಅಂತ ನನಗೆ ಫೋನ್‌ನಲ್ಲಿ ಹೇಳಿದಳು, ಪಾಪ ಬೇಜಾರು ಮಾಡ್ಕೋತಾನೆ ಅಂತ. ಟಿವಿ ಪಕ್ಕದ ಗೋಡೆಗೆ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ ಅವಳೇ ಬರೆದು ಅಂಟಿಸಿದ್ದಾಳೆ: ಮೊದಲು ಟಿವಿ, ಆಮೇಲೆ ಬಾಕ್ಸ್.